ತಾರ್ನಾಕದ ಶನಿವಾರಗಳು

ಹೈದರಾಬಾದಿಗೆ ಬಂದ ಹೊಸದರಲ್ಲಿ ನಾನು ಅಂಗಡಿಗಳ ಬೋರ್ಡು ಓದುತ್ತಾ ನಡೆಯುತ್ತಿದ್ದೆ. ತೆಲುಗು ಅಕ್ಷರಗಳು ನಮ್ಮ ಅಕ್ಷರಗಳಿಗೆ ದಾಯಾದಿಗಳು. ತಲೆಕಟ್ಟು ಬೇರೆ, ಕೆಲವು ಅಕ್ಷರಗಳ ಹೊಟ್ಟೆ ಬೇರೆ, ಉಳಿದಂತೆ ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ ಓದಿಬಿಡಬಹುದು. ಓದಿದ ಮೇಲೆ ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಏನೂ ಓದಲು ಬಾರದ ಊರಾಗಿದ್ದರೆ, ಇದು ಪರಸ್ಥಳ ಎಂದು ಮನಸ್ಸು ಒಪ್ಪಿಕೊಂಡು ಸುಮ್ಮನಾಗುತ್ತಿತ್ತೇನೋ. ಇಲ್ಲಿ ಹಾಗಾಗಲಿಲ್ಲ. ಪ್ರತಿ ಬೋರ್ಡಿನ ಮುಂದೆಯೂ ಪರಿಚಿತರ ಮುಖ ಕಂಡ ಹಾಗಾಗಿ, ಹತ್ತಿರ ಹೋದರೆ ಅವರು ಬೇರೆ ಯಾರೋ ಆಗಿರುತ್ತಿದ್ದರು.

ಮಾತೂ ಹಾಗೆಯೇ. ಒಂದು ದಿನ ತರಕಾರಿ ಗಾಡಿಯವಳ ಹತ್ತಿರ ಹೀರೇಕಾಯಿ ತೋರಿಸಿ ಅದು ಬಲಿತದ್ದಾ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು "ಕಾದು, ಕಾದು" ಎಂದಳು. ನಾನು ಕಾದು ನಿಂತೆ. ಅವಳು ಬೇರೆ ಗಿರಾಕಿಗಳನ್ನು ನೋಡಿದಳು, ನೀರು ಚಿಮುಕಿಸಿದಳು, ಮತ್ತೆ ನನ್ನ ಕಡೆ ತಿರುಗಿ ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯ ಎನ್ನುವ ಹಾಗೆ ನೋಡಿದಳು. ತೆಲುಗಿನಲ್ಲಿ 'ಕಾದು' ಎಂದರೆ 'ಅಲ್ಲ' ಎಂದು ಆಮೇಲೆ ಗೊತ್ತಾಯಿತು. ಮನೆಗೆ ಬಂದು ಇದನ್ನು ಯಾರಿಗಾದರೂ ಹೇಳಿ ನಗಬೇಕು ಅನ್ನಿಸಿತು. ಯಾರೂ ಇರಲಿಲ್ಲ.

ನನ್ನೂರು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅಕ್ಕನ ಮನೆಯಲ್ಲಿದ್ದೆ. ಮದುವೆಯ ಮಾತು ಒಂದೆರಡು ಕಡೆ ಬಂದು ನಿಂತುಹೋಗಿತ್ತು. ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸದ ಮೇಲೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಗೆ ಸೇರಿದಾಗ ನನಗೆ ಮೂವತ್ತು ದಾಟಿತ್ತು. ಊರು ಬಿಡುವಾಗ ನನಗಾಗಿ ಯಾರೂ ಅಷ್ಟಾಗಿ ಮರುಗಲಿಲ್ಲ. ನಮ್ಮ ನೆಂಟರ ಹುಡುಗಿಯೊಬ್ಬಳು ಜರ್ಮನಿಯಲ್ಲಿದ್ದಳು. ಅವಳ ಬಗ್ಗೆ ಎಲ್ಲರಿಗೂ ಅಯ್ಯೋ ಪಾಪ ಇತ್ತು: ಚಳಿ, ಬ್ರೆಡ್ಡು, ಅರ್ಥವಾಗದ ಭಾಷೆ. ನಾನು ಫೋನಿನಲ್ಲಿ ಸ್ವಲ್ಪ ಬೇಜಾರು ತೋರಿಸಿದರೆ ಅಕ್ಕ, "ಒಂದ್ ರಾತ್ರಿ ರೈಲು ಕಣೆ ಅದು. ಪರದೇಶಕ್ಕೆ ಹೋದೋಳ್ ಥರ ಆಡ್ತೀಯಲ್ಲ," ಅನ್ನುತ್ತಿದ್ದಳು. ಅವಳು ಹೇಳಿದ್ದೂ ನಿಜವೇ. ಅದಕ್ಕೇ ನಾನು ಹೇಳುವುದನ್ನು ಕಡಿಮೆ ಮಾಡಿದೆ.

ಮಲ್ಕಾಜ್‌ಗಿರಿಯಲ್ಲಿ ನಿವೃತ್ತ ರೈಲ್ವೆ ನೌಕರರೊಬ್ಬರ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಅಡುಗೆಮನೆ ನನ್ನದಾಯಿತು. ರೈಲು ಹೋದಾಗಲೆಲ್ಲ ಕಪಾಟಿನ ಗಾಜು ಸಣ್ಣಗೆ ನಡುಗುತ್ತಿತ್ತು. ಮನೆಯ ಯಜಮಾನಿ ಒಳ್ಳೆಯವಳು, ಆದರೆ ಅವಳ ಒಳ್ಳೆಯತನಕ್ಕೆ ಬಾಗಿಲು ತಟ್ಟುವ ಅಭ್ಯಾಸವಿರಲಿಲ್ಲ. ನೇರ ಒಳಗೆ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಇಷ್ಟು ಸಪ್ಪೆ ಸಾರು ತಿಂದು ಹೇಗೆ ಬದುಕಿದ್ದೀಯ ಎಂದು ಕೇಳುತ್ತಿದ್ದಳು. ನನ್ನನ್ನು ಮೊದಲ ದಿನದಿಂದಲೇ 'ನುವ್ವು' ಎಂದಳು. ನಮ್ಮಲ್ಲಿ 'ನೀನು' ಅಂದ ಹಾಗೆ. ನಮ್ಮ ಕಡೆ ಕೆಲಸದಲ್ಲಿರುವ ಹೆಣ್ಣುಮಗಳನ್ನು ಗುರುತಿಲ್ಲದವರು ನೀನು ಅನ್ನುವುದಿಲ್ಲ. ನನಗೆ ಚುಚ್ಚಿತು. ಅವಳು ಗಂಡನಿಗೂ, ಹಾಲಿನವನಿಗೂ, ಪಕ್ಕದ ಮನೆಯ ವಕೀಲರಿಗೂ ಅದನ್ನೇ ಅನ್ನುತ್ತಿದ್ದಾಳೆಂದು ಗಮನಿಸುವ ಹೊತ್ತಿಗೆ ಕೆಲವು ತಿಂಗಳು ಕಳೆದಿತ್ತು. ಮದುವೆ ಯಾಕಾಗಿಲ್ಲ ಎಂದು ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು. ಮುದ್ದೆ ಮಾಡಿದ ದಿನ ಅದನ್ನು ಬೆರಳಿನಲ್ಲಿ ಒತ್ತಿ ನೋಡಿ ತನ್ನ ಗಂಡನನ್ನು ಕೂಗಿ ತೋರಿಸಿದಳು. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೂ ಅಂದಿನಿಂದ ನಾನು ಮುದ್ದೆ ಮಾಡುವಾಗ ಚಿಲಕ ಹಾಕಿಕೊಳ್ಳುತ್ತಿದ್ದೆ.

ಆಫೀಸಿನಲ್ಲಿ ಎಲ್ಲ ಕಡೆಯ ಜನರಿದ್ದರು, ಎಲ್ಲರಿಗೂ ಹಿಂದಿ ಸಾಕಾಗಿತ್ತು. ನನ್ನದು ಶಾಲೆಯ ಹಿಂದಿ. ನಾನು ಒಂದು ವಾಕ್ಯ ಕಟ್ಟುವಷ್ಟರಲ್ಲಿ ಊಟದ ಮೇಜಿನ ಮಾತು ಬೇರೆ ವಿಷಯಕ್ಕೆ ಹೋಗಿರುತ್ತಿತ್ತು. ಕ್ರಮೇಣ ನಾನು ನಗುವ ಜಾಗದಲ್ಲಿ ನಗುವವಳಾದೆ, ಅಷ್ಟೆ. ಒಂದು ಭಾನುವಾರ ಸಂಜೆ ಬಟ್ಟೆ ಇಸ್ತ್ರಿ ಮಾಡುತ್ತಾ, ಶುಕ್ರವಾರದಿಂದ ಬಾಯಿಬಿಟ್ಟು ಒಂದೂ ಕನ್ನಡದ ಮಾತು ಆಡಿಲ್ಲವೆಂದು ಹೊಳೆಯಿತು. ಅಕ್ಕ ಮದುವೆಯೊಂದಕ್ಕೆ ಹೋಗಿದ್ದಳು, ಫೋನು ತೆಗೆಯುತ್ತಿರಲಿಲ್ಲ. ನನ್ನ ಸಿಮ್ಮು ಇನ್ನೂ ಕರ್ನಾಟಕದ್ದೇ ಇತ್ತು. ಗ್ರಾಹಕ ಸೇವೆಯ ನಂಬರಿಗೆ ಫೋನು ಮಾಡಿ ಕನ್ನಡದ ಗುಂಡಿ ಒತ್ತಿದೆ. ರೆಕಾರ್ಡು ಮಾಡಿದ ಹೆಣ್ಣು ದನಿಯೊಂದು ನಮಸ್ಕಾರ ಎಂದಿತು. ಆ ದನಿ ಎಲ್ಲ ಆಯ್ಕೆಗಳನ್ನೂ ಹೇಳಿ ಮುಗಿಸುವ ತನಕ ಕೇಳಿದೆ, ಮತ್ತೊಮ್ಮೆ ಕೇಳಲು ಗುಂಡಿ ಒತ್ತಿದೆ. ಅದಾದ ಮೇಲೆ ಎಷ್ಟೋ ಭಾನುವಾರ ಹಾಗೆ ಮಾಡಿದ್ದುಂಟು.

ಕ್ಯಾಂಟೀನಿನ ಹೊರಗೆ ಒಂದು ಮಧ್ಯಾಹ್ನ ಅಕ್ಕನೊಡನೆ ಫೋನಿನಲ್ಲಿ ಮಾತಾಡಿ ಮುಗಿಸಿದಾಗ, ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಅವರನ್ನು ಹಾದಿಯಲ್ಲಿ ಕಂಡಿದ್ದೆ, ತೆಲುಗಿನವರೆಂದುಕೊಂಡಿದ್ದೆ. "ನೀವು ಕನ್ನಡದವರೇನ್ರಿ?" ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಕಣ್ಣು ತುಂಬಿಬಂತು. ಅವರು ರಾಯಚೂರು ಕಡೆಯವರು, ಹುಟ್ಟಿ ಬೆಳೆದದ್ದೆಲ್ಲ ಹೆಚ್ಚುಕಡಿಮೆ ಇಲ್ಲೇ. ಅವರ ತಾಯಿಗೆ ಕೆಲವು ತಿಂಗಳ ಹಿಂದೆ ಲಕ್ವ ಹೊಡೆದಿತ್ತಂತೆ. ಬಲಗೈ ಬಿದ್ದುಹೋಗಿ ಮಾತು ನಿಂತಿತ್ತು. ಮಾತು ನಿಧಾನವಾಗಿ ಮರಳಿತು, ಆದರೆ ಕನ್ನಡ ಮಾತ್ರ. ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಾಲ ಆಡಿದ ತೆಲುಗೂ ಹಿಂದಿಯೂ ಒರೆಸಿದ ಹಾಗೆ ಹೋಗಿದ್ದವು. ಅವರ ಹೆಂಡತಿ ಸಿಕಂದರಾಬಾದಿನಲ್ಲಿ ಬೆಳೆದ ತೆಲುಗು ಹೆಂಗಸು. ಮಗಳು ಹಾಸ್ಟೆಲಿನಲ್ಲಿ. ಈಗ ಇವರನ್ನು ಬೇರೆ ಊರಿನ ಘಟಕಕ್ಕೆ ಕೆಲವು ಕಾಲ ಕಳಿಸುತ್ತಿದ್ದರು.

"ಮನ್ಯಾಗ ಇಬ್ರೂ ಮೂಕರಂಗ ಕುಂತಿರ್ತಾರ್ರಿ," ಎಂದರು. "ಶನಿವಾರಕ್ಕೊಮ್ಮೆ ಒಂದೀಟು ಬಂದು ಕುಂತು ಹೋದ್ರ ಸಾಕು. ನಮ್ಮವ್ವ ಬರೇ ಒಂದ್ ಕನ್ನಡದ ಮಾತು ಕೇಳ್ಲಿ."

ಶನಿವಾರ ನಮಗೆ ರಜೆ. ನಾನು ಬರುತ್ತೇನೆ ಎಂದೆ. ಉಪಕಾರ ಮಾಡುತ್ತಿರುವುದು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ.

ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಕಾಂಪೌಂಡಿನಿಂದ ಸ್ವಲ್ಪ ಒಳಗೆ, ನೆಲಮಹಡಿಯ ಮನೆ. ಮೊದಲ ಶನಿವಾರ ಮಲ್ಲಿಗೆ ಹೂ, ಬಾಳೆಹಣ್ಣು ಹಿಡಿದು ಹೋದೆ. ಸೊಸೆ ಬಾಗಿಲು ತೆಗೆದಳು. ನಲವತ್ತೈದರ ಆಸುಪಾಸಿನ, ಕಣ್ಣಿನ ಕೆಳಗೆ ಕಪ್ಪಾದ ಹೆಂಗಸು. ಅತ್ತೆಗೆ ಹೀಗಾದ ಮೇಲೆ ಶಾಲೆಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ನಮ್ಮಿಬ್ಬರ ನಡುವೆ ಇದ್ದದ್ದು ಹಿಂದಿ, ಅವಳದು ಸರಾಗ, ನನ್ನದು ಮುರುಕಲು. ಒಳಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ನಾನು ಹತ್ತಿರ ಕೂತು, ಇಷ್ಟು ದಿನ ಕೂಡಿಟ್ಟ ಕನ್ನಡವನ್ನೆಲ್ಲ ಒಮ್ಮೆಗೇ ಸುರಿದೆ. ಹೇಗಿದ್ದೀರಿ ಅಜ್ಜಿ, ಕೈ ನೋವು ಹೇಗಿದೆ, ತಿಂಡಿ ಆಯ್ತಾ, ನಿಮ್ಮ ಮಗ ನನ್ನ ಜೊತೆ ಕೆಲಸ ಮಾಡ್ತಾರೆ ಕಣಜ್ಜಿ.

ಅವರು ನನ್ನ ಬಾಯನ್ನೇ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ, ತೊದಲುತ್ತಾ, "ಯಾರವಾ ಈಕಿ? ಏನ ಮಾತಾಡಾಕತ್ಯಾಳ, ಒಂದೂ ತಿಳಿವಲ್ದು," ಎಂದರು.

ಸೊಸೆ ಏನಂದರು ಎಂದು ನನ್ನನ್ನು ಕೇಳಿದಳು. ನಾನು ಅನುವಾದ ಮಾಡಬೇಕಾದ ಮೊದಲ ಮಾತು ಅದು. ಮಾಡಿದೆ. ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ತಪ್ಪು ಅಜ್ಜಿಯದಲ್ಲ. ನಾನು ಬೇಗ ಮಾತಾಡುತ್ತೇನೆ, ಮಂಡ್ಯದ ಕಡೆಯ ನುಂಗುವ ಮಾತು ಬೇರೆ. ಅವರ ಮಾತೂ ನನಗೆ ಅರ್ಧ ಸಿಗುತ್ತಿರಲಿಲ್ಲ. ಬ್ಯಾನಿ ಅಂದರೆ ನೋವು, ಜಳಕ ಅಂದರೆ ಸ್ನಾನ ಎಂಬುದು ಹೇಗೋ ಗೊತ್ತಿತ್ತು. ಆದರೆ ಅಡ್ಡಾಗುತ್ತೇನೆ ಎಂದಾಗ ಮಲಗುತ್ತೇನೆ ಎಂದು ತಿಳಿಯದೆ, ಯಾರಿಗೆ ಅಡ್ಡ ಎಂದು ಕೇಳಿದೆ. ನಡುನಡುವೆ ಬರುವ ಉರ್ದು ಮಾತುಗಳಿಗೆ ಸೊಸೆಯೇ ಹಿಂದಿಯಲ್ಲಿ ಅರ್ಥ ಹೇಳಬೇಕಾಗುತ್ತಿತ್ತು. ಅಂದರೆ ಕನ್ನಡದ ಅಜ್ಜಿಯ ಮಾತನ್ನು ತೆಲುಗಿನವಳು ಕನ್ನಡದವಳಿಗೆ ತಿಳಿಸುವುದು. ಕೊನೆಗೆ ನಾನು ನಿಧಾನಕ್ಕೆ, ಒಂದೊಂದೇ ಪದ ಬಿಡಿಸಿ ಮಾತಾಡುವುದನ್ನು ಕಲಿತೆ. ನನ್ನೂರು ಮೈಸೂರಿನ ಹತ್ತಿರ ಎಂದು ಹೇಳಿದಾಗ ಅವರ ಹುಬ್ಬು ಮೇಲೆ ಹೋಯಿತು.

"ಮೈಸೂರಾ? ಅದು ಪರದೇಶ ಅಲ್ಲೇನ," ಎಂದರು. "ಅಲ್ಲಿ ರಾಜಾನ ಬ್ಯಾರೆ. ನಮ್ಮಪ್ಪ ಕೋರ್ಟಿಗೆ ಅಂದ್ರ ಹೈದ್ರಾಬಾದಿಗೇ ಬರ್ತಿದ್ದ. ಇದು ನಮ್ಮೂರ. ನೀನ ದೂರದಾಕಿ."

ರಾಯಚೂರು ನಿಜಾಮನಿಗೆ ಸೇರಿದ್ದ ಕಾಲದ ಆ ಮಾತಿಗೆ ನನಗೆ ಏನೋ ಒಂಥರ ಸಮಾಧಾನವಾಯಿತು. ಇಷ್ಟು ದಿನ ನನ್ನನ್ನು ದೂರದವಳು ಎಂದು ಒಪ್ಪಿಕೊಂಡವರು ಅವರೊಬ್ಬರೇ.

ಎರಡನೆಯ ಸಲ ಹೋದಾಗಲೋ ಮೂರನೆಯ ಸಲವೋ, ಸೊಸೆ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಎರಡು ಚಮಚ ಆದ ಮೇಲೆ ಅಜ್ಜಿ ಮುಖ ತಿರುಗಿಸಿ ಏನೋ ಅಂದರು. ಸೊಸೆ ಕೂಡಲೇ ಬಟ್ಟಲು ಕೆಳಗಿಟ್ಟು, ಕೊಬ್ಬರಿ ಎಣ್ಣೆಯ ಸೀಸೆ ತಂದು, ಅವರ ತೋಳು, ಬೆನ್ನು, ಕಾಲು ಒತ್ತತೊಡಗಿದಳು. ಅಜ್ಜಿ ಮತ್ತೆ ಅದೇ ಮಾತನ್ನು ಜೋರಾಗಿ ಅಂದರು. ಅವಳು ಇನ್ನೂ ಬಿರುಸಾಗಿ ಒತ್ತಿದಳು. ಅಜ್ಜಿಯ ಕಣ್ಣಲ್ಲಿ ಸಿಟ್ಟಿನ ನೀರು ಬಂತು. ಯಾಕೆ ಒತ್ತುತ್ತಿದ್ದೀರಿ ಎಂದು ನಾನು ಕೇಳಿದೆ. ಮೈ ನೋಯುತ್ತದೆ ಅನ್ನುತ್ತಾರಲ್ಲ, ದಿನವೂ ಉಣ್ಣಿಸುವಾಗಲೇ ಅನ್ನುತ್ತಾರೆ, ನುಂಗಿದರೆ ಮೈಯೆಲ್ಲ ನೋಯುತ್ತದೋ ಏನೋ ಎಂದಳು. ತೆಲುಗಿನಲ್ಲಿ ಮೈಗೆ 'ಒಳ್ಳು' ಅನ್ನುತ್ತಾರೆ.

ಅಜ್ಜಿ ಅನ್ನುತ್ತಿದ್ದದ್ದು 'ಒಲ್ಲೆ'.

ಹೇಳುವುದೋ ಬಿಡುವುದೋ ಎಂದು ಅನುಮಾನಿಸುತ್ತಲೇ ಹೇಳಿದೆ. ಅವರಿಗೆ ಮೈ ನೋವಿಲ್ಲ, ಗಂಜಿ ಬೇಡ ಅನ್ನುತ್ತಿದ್ದಾರೆ ಎಂದೆ. ಅವಳ ಕೈ ಅತ್ತೆಯ ಮೊಣಕಾಲ ಮೇಲೆ ಹಾಗೇ ನಿಂತಿತು. ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿ, ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯುವ ಶಬ್ದ ಕೇಳಿಸಿತು. ಮಗ ಊರಲ್ಲಿದ್ದಾಗ ತಾವೇ ಉಣ್ಣಿಸುತ್ತಿದ್ದರಂತೆ. ಅವರ ಕೈಯಲ್ಲಿ ಅಜ್ಜಿ ಒಮ್ಮೆಯೂ ಒಲ್ಲೆ ಅಂದಿರಲಿಲ್ಲ. ಅದಕ್ಕೇ ಯಾರಿಗೂ ತಿಳಿದಿರಲಿಲ್ಲ.

ಅವಳು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ನನ್ನ ಹತ್ತಿರ ಕೂತು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: ತಾನು ಮದುವೆಯಾಗಿ ಬಂದಾಗ ಅತ್ತೆಯೇ ಮನೆಯ ಮಾತನ್ನು ತೆಲುಗಿಗೆ ಬದಲಾಯಿಸಿದರಂತೆ. ಹುಡುಗಿ ಒಬ್ಬಳೇ ಬಂದಿದ್ದಾಳೆ, ನಾವು ಇಬ್ಬರಿದ್ದೇವೆ, ನಾವು ಅವಳ ಮಾತು ಆಡೋಣ ಎಂದು ಮಗನಿಗೆ ಹೇಳಿದ್ದರಂತೆ. ಆದ್ದರಿಂದ ತನಗೆ ಕನ್ನಡ ಕಲಿಯುವ ಪ್ರಸಂಗವೇ ಬರಲಿಲ್ಲ. ಈಗ ಅದೇ ಅತ್ತೆ, ಅದೇ ಮಂಚ, ಅದೇ ಸೀರೆ, ಆದರೆ ಯಾವುದೋ ಊರಿನಿಂದ ಬೇರೆ ಯಾರೋ ಬಂದು ಕೂತ ಹಾಗೆ ಇದೆ. "ನನ್ನ ಮನೆಯಲ್ಲೇ ನಾನು ನೆಂಟಳಾಗಿಬಿಟ್ಟೆ," ಎಂದಳು. ನನಗೆ ಹಿಂದಿಯಲ್ಲಿ ಅಷ್ಟು ಚೆನ್ನಾಗಿ ಅರ್ಥವಾದ ಮಾತು ಅದಕ್ಕೆ ಮೊದಲು ಇರಲಿಲ್ಲ.

ಗಂಜಿ ಬೇಡವಾದರೆ ಏನು ಬೇಕು ಎಂದು ಅಜ್ಜಿಯನ್ನು ಕೇಳಿದೆ. "ಉಪ್ಪಿಲ್ಲ, ಖಾರಿಲ್ಲ, ಹೆಂಗ ಉಣ್ಣೂದು? ಪುಂಡಿಪಲ್ಯೆ ಮಾಡಾಕ ಹೇಳ," ಎಂದರು. ನನಗೆ ಪುಂಡಿ ಎಂದರೇನೆಂದು ತಿಳಿಯಲಿಲ್ಲ. ಹುಳಿ ಇರುತ್ತದೆ, ಕಡ್ಡಿ ಕೆಂಪಗಿರುತ್ತದೆ, ಇಲ್ಲಿನ ಸಂತೆಯಲ್ಲೂ ಕಟ್ಟುಕಟ್ಟು ಮಾರುತ್ತಾರೆ ಎಂದು ಅವರು ಎಡಗೈಯಲ್ಲಿ ಎಲೆಯ ಆಕಾರ ಬರೆದು ತೋರಿಸಿದರು. ನಾನು ಅದನ್ನು ಹಿಂದಿಯಲ್ಲಿ ತೊದಲಿದೆ. ಸೊಸೆ ಒಂದು ಕ್ಷಣ ಯೋಚಿಸಿ, ಗೋಂಗೂರ ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಅತ್ತೆಯಿಂದಲೇ ಕಲಿತು ಇಷ್ಟು ವರ್ಷ ವಾರಕ್ಕೊಮ್ಮೆ ಮಾಡುತ್ತಿದ್ದ ಪಲ್ಯ. ಡಾಕ್ಟರ ಪಥ್ಯಕ್ಕೆ ಹೆದರಿ ನಿಲ್ಲಿಸಿದ್ದಳು. ಅವತ್ತೇ ತಂದು, ಉಪ್ಪು ಕಡಿಮೆ ಹಾಕಿ ಬೇಯಿಸಿ, ರೊಟ್ಟಿಯನ್ನು ನೆನೆಸಿ ಮೆತ್ತಗೆ ಕಲೆಸಿ ತಂದಳು. ಅಜ್ಜಿ ಬಟ್ಟಲು ಮುಗಿಸಿದರು. ಮುಗಿಸಿದ ಮೇಲೆ ನನ್ನ ಕಡೆ ನೋಡಿ, "ಒತ್ತೂದು ಯಾಕ ಬಿಟ್ಲು ಈಕಿ? ಒತ್ತಲಿ. ಚಲೋ ಆಗ್ತೈತಿ," ಎಂದರು.

ಅಲ್ಲಿಂದ ನನ್ನ ವಾರಕ್ಕೆ ಒಂದು ತುದಿ ಸಿಕ್ಕಿತು. ಶುಕ್ರವಾರ ಸಂಜೆಯೇ ಸೀರೆ ತೆಗೆದಿಡುತ್ತಿದ್ದೆ. ಮಲ್ಕಾಜ್‌ಗಿರಿಯಿಂದ ತಾರ್ನಾಕಕ್ಕೆ ದೂರವಿಲ್ಲ, ಷೇರ್ ಆಟೋದಲ್ಲಿ ಇನ್ನೊಬ್ಬರ ಮೊಣಕೈಯಿಂದ ತಿವಿಸಿಕೊಂಡು ಹೋಗಿ ಇಳಿದರೆ ಆಯಿತು. ಅಜ್ಜಿ ತಾವು ಮೊದಲ ಸಲ ಹೈದರಾಬಾದಿಗೆ ಬಂದ ಕಥೆ ಹೇಳುವರು. ಗಂಡನಿಗೆ ಇಲ್ಲಿನ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಒಂದೇ ಕೋಣೆಯ ಮನೆ, ಪಕ್ಕದಲ್ಲಿ ಮರಾಠಿಯವರು, ಎದುರಿಗೆ ಮುಸಲ್ಮಾನರು, ಹಿಂದೆ ತೆಲುಗಿನವರು. ಹಿಟ್ಟು ಸಾಲ ಕೇಳುವುದಕ್ಕೆ ಒಂದು ಭಾಷೆ, ನೀರಿನ ಪಾಳಿಗೆ ಜಗಳವಾಡುವುದಕ್ಕೆ ಒಂದು ಭಾಷೆ, ಹೆರಿಗೆಗೆ ಸೂಲಗಿತ್ತಿಯನ್ನು ಕರೆಯುವುದಕ್ಕೆ ಒಂದು ಭಾಷೆ ಬೇಕಾಗಿ ಎಲ್ಲ ಕಲಿತರಂತೆ. "ನಿನಗ ಯಾರ ಕೂಡನೂ ಜಗಳ ಆಗಿಲ್ಲ, ಅದಕ್ಕ ಭಾಷಿ ಬಂದಿಲ್ಲ," ಎಂದರು ನನಗೆ.

ಒಂದು ಶನಿವಾರ ಮಾತಿನ ನಡುವೆ, ಸೊಸೆ ಅಲ್ಲೇ ಬಟ್ಟೆ ಮಡಚುತ್ತಿದ್ದಾಗ, "ನಾ ಈಕಿಗೆ ಭಾರ ಆದೆ," ಎಂದರು. ಏನಂದರು ಎಂದು ಸೊಸೆ ಕೇಳಿದಳು. ನಾನು ಇದ್ದ ಹಾಗೇ ಹೇಳಿದೆ. ಅವಳು ಮಡಚುವುದನ್ನು ಬಿಟ್ಟು ಮಂಚದ ಅಂಚಿಗೆ ಬಂದು ಕೂತು, ತೆಲುಗಿನಲ್ಲಿ, ನನ್ನ ಕಡೆ ನೋಡದೆ, ಅತ್ತೆಯ ಮುಖಕ್ಕೇ ನೇರವಾಗಿ ಬಹಳ ಹೊತ್ತು ಮಾತಾಡಿದಳು. ಬಯ್ಯುತ್ತಿದ್ದಳೋ ಬೇಡಿಕೊಳ್ಳುತ್ತಿದ್ದಳೋ, ದನಿ ಎರಡಕ್ಕೂ ಹೊಂದುವ ಹಾಗಿತ್ತು. ಅಜ್ಜಿಗೆ ಮಾತು ತಿಳಿಯುತ್ತಿರಲಿಲ್ಲ. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಕೇಳಿದರು. ನನಗೆ ಅನುವಾದಿಸು ಎಂದು ಇಬ್ಬರೂ ಹೇಳಲಿಲ್ಲ. ನಾನು ಎದ್ದು ಜಗಲಿಗೆ ಹೋಗಿ ನಿಂತೆ. ಎದುರಿನ ಮನೆಯವರು ಉಪ್ಪಿನಕಾಯಿ ಜಾಡಿಗಳನ್ನು ಬಿಸಿಲಿಗಿಟ್ಟಿದ್ದರು.

ಬೇಸಿಗೆಯಲ್ಲಿ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ರೈಲಿನಲ್ಲಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಅಷ್ಟು ಉಮೇದಿತ್ತು. ಊರಿನ ಜನ, ಊರಿನ ಮಾತು, ಎಲೆಯ ಮೇಲೆ ಮುದ್ದೆ. ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುತ್ತಾ ನಾನು ಯಾರಿಗೋ "ಬರ್ರಿ, ಕುಂಡ್ರಿ, ಚಾ ತರ್ತೀನಿ," ಎಂದುಬಿಟ್ಟೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಭಾವ ದೊಡ್ಡದಾಗಿ ನಕ್ಕು, ಇವಳು ಹೋಗಿದ್ದು ಹೈದರಾಬಾದಿಗೋ ಹುಬ್ಬಳ್ಳಿಗೋ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎರಡು ದಿನವೂ ಮಕ್ಕಳು ನನ್ನನ್ನು ಕಂಡರೆ ಕುಂಡ್ರಿ ಕುಂಡ್ರಿ ಅನ್ನುತ್ತಿದ್ದವು. ನಾನು ಎಚ್ಚರದಿಂದ, ಪರಭಾಷೆ ಆಡುವವರ ಹಾಗೆ ಪದ ಹುಡುಕಿ ಮಾತಾಡಿದೆ. ಅಕ್ಕನ ಹೊಸ ಮನೆಯ ಪಕ್ಕದವಳಂತೂ ಪಾಪ, ನಿಮಗೆ ನಮ್ಮ ಊಟ ಒಗ್ಗುತ್ತಾ ಎಂದು ಕೇಳಿದಳು. ವಾಪಸು ಬರುವಾಗ ರೈಲು ಹತ್ತಿದ ಮೇಲೆ, ಎರಡೂ ಕಡೆ ಯಾರೂ ನನಗಾಗಿ ಕಾಯುತ್ತಿಲ್ಲ ಎನ್ನಿಸಿತು. ಇಲ್ಲ, ತಾರ್ನಾಕದಲ್ಲಿ ಕಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಳೆಗಾಲ ಶುರುವಾದಾಗ ಮಾತಿನ ಚಿಕಿತ್ಸೆಯ ಹುಡುಗಿಯೊಬ್ಬಳು ಆ ಮನೆಗೆ ಬರತೊಡಗಿದಳು. ಚಿತ್ರ ತೋರಿಸಿ ತೆಲುಗಿನಲ್ಲಿ ಹೆಸರು ಹೇಳಿಸುವುದು ಅವಳ ಕೆಲಸ. ಮೊದಮೊದಲು ಅಜ್ಜಿ ಅವಳನ್ನು ಕಂಡರೆ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ನಟಿಸುತ್ತಿದ್ದರು. ಒಂದು ದಿನ ಆಫೀಸಿನಲ್ಲಿದ್ದಾಗ ಸೊಸೆ ಫೋನು ಮಾಡಿದಳು. ಉಸಿರು ಮೇಲೆಕೆಳಗಾಗುತ್ತಿತ್ತು, ನನಗೆ ಗಾಬರಿಯಾಯಿತು. ಅತ್ತೆ ಬೆಳಿಗ್ಗೆ ಟೀವಿಯ ಕಡೆ ಕೈ ತೋರಿಸಿ ತೆಲುಗಿನಲ್ಲಿ ಅದನ್ನು ಆರಿಸು ಎಂದರಂತೆ. ಅಷ್ಟೇ ಮಾತು. ಅವಳು ಫೋನಿನಲ್ಲಿ ಅತ್ತಳು. ನನಗೂ ಸಂತೋಷವಾಯಿತು. ಆಗ ಆದದ್ದು ಸಂತೋಷವೇ.

ಬಾಗಿಲು ಒಂದಿಷ್ಟು ತೆರೆದ ಮೇಲೆ ಉಳಿದದ್ದು ಬೇಗ ಬಂತು. ಒಂದು ಶನಿವಾರ ಹೋದಾಗ ಹೊರಗಿನಿಂದಲೇ ನಗು ಕೇಳಿಸಿತು. ಅತ್ತೆ ಸೊಸೆ ಇಬ್ಬರೂ ಮಂಚದ ಮೇಲೆ ಕೂತು ಯಾರದೋ ಮದುವೆಯ ಸುದ್ದಿ ಮಾತಾಡುತ್ತಿದ್ದರು. ಅಜ್ಜಿಯ ತೆಲುಗು ತೊದಲುತ್ತಿತ್ತು, ಆದರೆ ಅದರಲ್ಲಿ ಒಂದು ಬಿಗಿ, ಕೊಂಕು ಎಲ್ಲ ಇತ್ತು. ಕನ್ನಡದಲ್ಲಿ ನಾನು ಕಾಣದ ಒಬ್ಬ ಚುರುಕು ಹೆಂಗಸು ಅಲ್ಲಿ ಕೂತಿದ್ದಳು. ನನ್ನನ್ನು ನೋಡಿ, "ಎಪ್ಪುಡೊಚ್ಚಿನವ್?" ಎಂದರು. ಯಾವಾಗ ಬಂದೆ ಎಂದು. ಈಗ ಬಂದೆ ಅಜ್ಜಿ ಎಂದು ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ ಮತ್ತೆ ತೆಲುಗಿನಲ್ಲೇ ಮುಂದುವರಿಸಿದರು. ನಾನು ಪುಂಡಿಪಲ್ಯೆ, ಗಿರಣಿಯ ಮನೆ ಎಂದು ಏನೇನೋ ಕೇಳಿ ಅವರನ್ನು ಕನ್ನಡಕ್ಕೆ ಎಳೆಯಲು ನೋಡಿದೆ. ಒಂದು ಮಾತು ಉತ್ತರ ಕೊಟ್ಟು ಸೊಸೆಯ ಕಡೆಗೆ ತಿರುಗಿಕೊಳ್ಳುತ್ತಿದ್ದರು. ಸೊಸೆ ನಡುನಡುವೆ ನನಗಾಗಿ ಹಿಂದಿಯಲ್ಲಿ ವಿಷಯ ಹೇಳುತ್ತಿದ್ದಳು. ನಗೆಯ ಮಾತು ಹಿಂದಿಗೆ ಬಂದು ನನ್ನ ಹತ್ತಿರ ತಲುಪುವಷ್ಟರಲ್ಲಿ ಅವರು ನಕ್ಕು ಮುಗಿಸಿರುತ್ತಿದ್ದರು.

ಆ ಮನೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕಿತ್ತು? ನಾನೂ ಅದನ್ನೇ ಬಯಸಿದ್ದೆ, ಅದಕ್ಕಾಗಿಯೇ ಹೋಗುತ್ತಿದ್ದೆ. ಆದರೂ ಆಟೋದಲ್ಲಿ ಕೂತು ಬರುವಾಗ, ಸ್ಟೇಷನ್ನಿನಲ್ಲಿ ಸಾಮಾನಿನ ಜೊತೆ ನನ್ನನ್ನು ಇಳಿಸಿ ಗಾಡಿ ಮುಂದೆ ಹೋದ ಹಾಗೆ ಅನ್ನಿಸಿತು. ಮುಂದಿನ ಶನಿವಾರ ತಲೆನೋವು ಎಂದು ಹೇಳಿ ಹೋಗಲಿಲ್ಲ. ಅದರ ಮುಂದಿನ ವಾರ ಆಫೀಸಿನ ಕೆಲಸ ಎಂದೆ. ಮೂರನೆಯ ಸಲ ಹೇಳಬೇಕಾಗಲಿಲ್ಲ, ಮಗ ವಾಪಸು ಬಂದಿದ್ದರು. ಕ್ಯಾಂಟೀನಿನಲ್ಲಿ ಸಿಕ್ಕಿ, ಕೈ ಮುಗಿದು, "ನಿಮ್ಮ ಉಪಕಾರ ಭಾಳ ಆತ್ರಿ," ಎಂದರು. ಮುಗಿದ ಕೆಲಸಕ್ಕೆ ಹೇಳುವ ಮಾತಿನಂತೆ ಕೇಳಿಸಿತು. ಆ ಶನಿವಾರಗಳಲ್ಲಿ ನಾನು ಕೋಣೆ ಗುಡಿಸಿದೆ, ಕಪಾಟು ಜೋಡಿಸಿದೆ, ಜೋಡಿಸಿದ ಕಪಾಟನ್ನು ಮತ್ತೆ ತೆಗೆದು ಜೋಡಿಸಿದೆ.

ದಸರೆಯ ಹಿಂದಿನ ದಿನಗಳಲ್ಲಿ ಇಲ್ಲಿ ಹೂವಿನ ಹಬ್ಬ, ಬತುಕಮ್ಮ. ತಂಗಡಿ ಹೂ, ಕೋಳಿಜುಟ್ಟಿನಂಥ ಬಿಳಿ ಗುನುಗು ಹೂ, ಚೆಂಡುಹೂಗಳನ್ನು ತಟ್ಟೆಯಲ್ಲಿ ಸುತ್ತುಸುತ್ತಾಗಿ ಗೋಪುರದ ಹಾಗೆ ಏರಿಸಿ, ಸಂಜೆ ಹೆಂಗಸರೆಲ್ಲ ಅದರ ಸುತ್ತ ಚಪ್ಪಾಳೆ ತಟ್ಟುತ್ತಾ ತಿರುಗುತ್ತಾರೆ. ಸೊಸೆ ಫೋನು ಮಾಡಿ ಬಾ ಎಂದಳು. ನಾನು ಏನೋ ನೆಪ ತೆಗೆಯುವಷ್ಟರಲ್ಲಿ, "ಅತ್ತೆಗೆ ಮಾತು ಬಂತು ಅಂತ ನೀನು ಬರುವುದು ಬಿಟ್ಟೆಯಾ? ನನಗೆ ಬೇರೆ ಯಾರಿದ್ದಾರೆ?" ಎಂದಳು. ಅವಳು ಎರಡನೆಯ ಮಾತನ್ನು ತಮಾಷೆಗೆ ಹೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಸ್ನೇಹಿತೆಯರು ಒಬ್ಬೊಬ್ಬರಾಗಿ ಬರುವುದು ನಿಂತಿದ್ದನ್ನು ನಾನೇ ನೋಡಿದ್ದೆ, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ.

ಹೋದೆ. ಇಬ್ಬರೂ ನೆಲದ ಮೇಲೆ ಕೂತು ಮಧ್ಯಾಹ್ನವೆಲ್ಲ ಹೂ ಜೋಡಿಸಿದೆವು. ಯಾವ ಬಣ್ಣದ ಮೇಲೆ ಯಾವುದು ಬರಬೇಕೆಂದು ಅಜ್ಜಿ ಮಂಚದಿಂದ ಅಪ್ಪಣೆ ಕೊಡುತ್ತಿದ್ದರು, ತೆಲುಗಿನಲ್ಲಿ, ನಾನು ತಪ್ಪಿದಾಗ ಮಾತ್ರ ಕನ್ನಡದಲ್ಲಿ. ಸಂಜೆ ಬೀದಿಯಲ್ಲಿ ತಟ್ಟೆಗಳನ್ನೆಲ್ಲ ನಡುವೆ ಇಟ್ಟು ಹೆಂಗಸರು ಸುತ್ತುಗಟ್ಟಿದರು. ನಾನು ಗೇಟಿನ ಹತ್ತಿರ ನಿಂತಿದ್ದೆ. ಸೊಸೆ ಬಂದು ಕೈ ಹಿಡಿದು ಒಳಗೆ ಎಳೆದಳು. ಬಗ್ಗಿ ಒಂದು ಚಪ್ಪಾಳೆ, ಎದ್ದು ಒಂದು ಚಪ್ಪಾಳೆ, ಒಂದು ಹೆಜ್ಜೆ. ನಾನು ಬಗ್ಗಿದಾಗ ಎಲ್ಲರೂ ಎದ್ದಿರುತ್ತಿದ್ದರು. ಹಿಂದಿನವಳಿಗೆ ಮೊಣಕೈ ತಾಗಿಸಿದೆ. ಹಾಡಿನ ಒಂದು ಪದವೂ ಬರದಿದ್ದರೂ ಕೊನೆಯ ಪಲ್ಲವಿಗೆ ಬಾಯಿ ಅಲ್ಲಾಡಿಸಿದೆ. ಅಜ್ಜಿಯನ್ನು ಕುರ್ಚಿಯಲ್ಲಿ ತಂದು ಜಗಲಿಯಲ್ಲಿ ಕೂರಿಸಿದ್ದರು. ಮಗ ಅವರ ಪಕ್ಕದಲ್ಲಿ ನಿಂತಿದ್ದರು. ತಿರುಗುತ್ತಾ ಅವರ ಮುಂದೆ ಬಂದಾಗಲೆಲ್ಲ ಅವರು ಸರಿಯಿರುವ ಎಡಗೈಯನ್ನು ತೊಡೆಗೆ ಬಡಿದು ನನಗೆ ತಾಳ ತೋರಿಸುತ್ತಿದ್ದರು. ಬಹಳ ಸುತ್ತು ಆದ ಮೇಲೆ ಒಮ್ಮೆ ತಾಳ ಸರಿಯಾಗಿ ಬಿತ್ತು. ಮತ್ತೆ ತಪ್ಪಿತು.

ಹೂವನ್ನು ನೀರಿಗೆ ಬಿಡಲು ಅವರೆಲ್ಲ ಹೊರಟಾಗ ನಾನು ಬೀಳ್ಕೊಂಡೆ. ಕೋಣೆಗೆ ಬಂದಾಗ ಕೆಳಗಿನ ಮನೆಗೆ ಬೀಗ ಹಾಕಿತ್ತು, ಯಜಮಾನಿಯೂ ತನ್ನ ಕಡೆಯವರ ಹಬ್ಬಕ್ಕೆ ಹೋಗಿದ್ದಳು. ದೀಪ ಹಾಕಿದೆ. ಪಾದ ಉರಿಯುತ್ತಿತ್ತು. ಅಂಗೈಯಲ್ಲಿ ಚೆಂಡುಹೂವಿನ ಹಳದಿ ಹತ್ತಿ ಸೋಪಿಗೂ ಪೂರ್ತಿ ಹೋಗಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಬೊಂಬೆ ಕೂರಿಸಿದ್ದೇನೆ, ಮನೆ ತುಂಬ ಜನ ಬಂದಿದ್ದಾರೆ, ನಾಳೆ ಮಾತಾಡೋಣ ಕಣೆ ಎಂದಳು. ಸರಿ ಎಂದೆ.

ಈಗಲೂ ಆ ಮನೆಗೆ ಹೋಗುತ್ತೇನೆ, ಪ್ರತಿ ಶನಿವಾರ ಅಲ್ಲ. ಅಜ್ಜಿ ನನ್ನೊಡನೆ ಹೆಚ್ಚಾಗಿ ತೆಲುಗಿನಲ್ಲೇ ಮಾತಾಡುತ್ತಾರೆ, ನಾನು ಬಂದಷ್ಟರಲ್ಲಿ ಉತ್ತರ ಕೊಡುತ್ತೇನೆ. ಸೊಸೆ ಮತ್ತೆ ಶಾಲೆಗೆ ಹೋಗತೊಡಗಿದ್ದಾಳೆ. ಅವಳು ಬರುವುದು ತಡವಾದ ದಿನ ನಾವಿಬ್ಬರೇ ಇರುತ್ತೇವೆ, ಟೀವಿಯಲ್ಲಿ ಅವರ ಧಾರಾವಾಹಿ ನಡೆಯುತ್ತಿರುತ್ತದೆ, ನನಗೆ ಕಥೆ ಅರ್ಧ ತಿಳಿಯುತ್ತದೆ. ತಿಳಿಯದ್ದನ್ನು ಕೇಳುವುದಿಲ್ಲ. ಅವಳು ಬಂದ ಮೇಲೆ, ಕತ್ತಲಾಗುವ ಮೊದಲು ಎದ್ದು ಚಪ್ಪಲಿ ಹಾಕಿಕೊಂಡು, ಬಾಗಿಲು ಎಳೆದುಕೊಂಡು, ಆಟೋ ಹಿಡಿಯಲು ಮುಖ್ಯರಸ್ತೆಯ ತನಕ ನಡೆದು ಬರುತ್ತೇನೆ.